ರೆಪ್ಪೆಯ ಎರಡು ಗೆರೆ

ತುಂಗಭದ್ರೆಯ ದಡದಲ್ಲಿ ಮಾನಪ್ಪಾಚಾರ್ಯರ ಶಿಲ್ಪ ಗುರುಕುಲವಿತ್ತು. ಎರಡು ಹೆಂಚಿನ ಮನೆ, ಒಂದು ಬೇವಿನ ಮರ, ಮರದ ಕೆಳಗೆ ಕಲ್ಲುಗಳು. ಬೆಳಗಾದರೆ ಉಳಿಯ ಸದ್ದು.

ಅಲ್ಲಿನ ಶಿಷ್ಯರಲ್ಲಿ ಎಲ್ಲರಿಗಿಂತ ಹಿರಿಯ ಮೌನೇಶ. ಬಂದು ಹದಿನಾರು ವರ್ಷವಾಗಿತ್ತು. ಯಾವ ಹೊತ್ತಿಗೆ ಯಾವ ಉಳಿ ಬೇಕು ಎಂಬುದು ಗುರುಗಳು ಕೈ ಚಾಚುವ ಮೊದಲೇ ಅವನಿಗೆ ತಿಳಿಯುತ್ತಿತ್ತು.

ಎಂಬತ್ತಕ್ಕೆ ಕಾಲಿಟ್ಟ ವರ್ಷ ಆಚಾರ್ಯರು ಅವನನ್ನು ಕರೆದರು.

"ಒಂದು ಪುಸ್ತಕ ಮಾಡಬೇಕು ಮೌನೇಶ. ನನ್ನ ಗುರುಗಳು ಬಾಯಲ್ಲಿ ಹೇಳಿದ್ದು ನನ್ನ ಜೊತೆಗೇ ಮಣ್ಣಾಗಬಾರದು. ನಾನು ಹೇಳುತ್ತೇನೆ, ನೀನು ಕಂಪ್ಯೂಟರಿನಲ್ಲಿ ಬರೆದುಕೋ. ಒಂದೊಂದು ಮೂರ್ತಿಗೂ ಒಂದು ಚಿತ್ರ ಇರಲಿ. ಯಾವ ಊರಿನ ಶಿಲ್ಪಿಯಾದರೂ ಆ ಚಿತ್ರವನ್ನು ತನ್ನ ಕಲ್ಲಿನಷ್ಟು ದೊಡ್ಡದು ಮಾಡಿಕೊಂಡು ಕೆತ್ತುವ ಹಾಗಿರಬೇಕು."

"ಆಗಲಿ ಗುರುಗಳೇ."

ಚಿತ್ರ ಬರೆಯುವವನು ತಾನೇ ಎಂಬುದರಲ್ಲಿ ಮೌನೇಶನಿಗೆ ಅನುಮಾನವೇ ಇರಲಿಲ್ಲ. ಪೇಟೆಯಿಂದ ಹೊಸ ಪೆನ್ಸಿಲು ತರಿಸಿ ಚೂಪು ಮಾಡಿಟ್ಟುಕೊಂಡ.

ಆ ವಾರವೇ ತುಳಜಾ ತಾನು ಬರೆದ ದೇವಿಯ ಮುಖವೊಂದನ್ನು ಗುರುಗಳ ಮುಂದಿಟ್ಟಳು.

ತುಳಜಾ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಮೊದಲು ಒಂದು ಸೀರೆ ಅಂಗಡಿಯಲ್ಲಿ ಕಸೂತಿ ಯಂತ್ರಕ್ಕೆ ಕಂಪ್ಯೂಟರಿನಲ್ಲಿ ಬಳ್ಳಿ, ನವಿಲು ಬರೆದುಕೊಡುತ್ತಿದ್ದಳು. ಕಲ್ಲಿನ ಮೇಲೆ ಅವಳ ಕೈ ಇನ್ನೂ ಕೂತಿರಲಿಲ್ಲ. ಸುತ್ತಿಗೆ ಹಿಡಿದರೆ ದಿನಕ್ಕೊಮ್ಮೆ ಹೆಬ್ಬೆರಳು ಜಜ್ಜಿಕೊಳ್ಳುತ್ತಿದ್ದಳು.

ಆಚಾರ್ಯರು ಆ ಹಾಳೆಯನ್ನು ತೆಗೆದುಕೊಂಡರು. ಕನ್ನಡಕ ಹಾಕಿಕೊಂಡರು. ಎದ್ದು ಅಂಗಳಕ್ಕೆ ಹೋಗಿ ಬಿಸಿಲಿಗೆ ಹಿಡಿದು ನೋಡಿದರು. ಬೇವಿನ ನೆರಳು ಅವರ ಹೆಗಲಿಂದ ಪಾದಕ್ಕೆ ಸರಿಯುವಷ್ಟು ಹೊತ್ತು ನೋಡಿದರು.

"ಪುಸ್ತಕದ ಚಿತ್ರಗಳನ್ನು ನೀನೇ ಬರೆ, ಮಗಳೇ," ಎಂದರು.

ಮೌನೇಶ ಅಲ್ಲೇ ನಿಂತಿದ್ದ. ಹದಿನಾರು ವರ್ಷದಲ್ಲಿ ಅವನ ಒಂದು ಗೆರೆಯನ್ನೂ ಗುರುಗಳು ಬಿಸಿಲಿಗೆ ಹಿಡಿದಿರಲಿಲ್ಲ. ಒಮ್ಮೆಯೂ 'ಮಗನೇ' ಎಂದಿರಲಿಲ್ಲ.

ಅವನು ಒಳಗೆ ಹೋಗಿ ಪೆನ್ಸಿಲುಗಳನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ.

ಅಂದಿನಿಂದ ಅವನಿಗೆ ಬೇರೆ ಯಾವುದೂ ಕಾಣದಾಯಿತು. ಗುರುಗಳು ಊಟಕ್ಕೆ ಕೂತಾಗ "ತುಳಜಾ ಬಂದಳಾ?" ಎಂದು ಕೇಳಿದರೆ ಅರ್ಧ ಊಟಕ್ಕೇ ಕೈ ತೊಳೆದುಬಿಡುತ್ತಿದ್ದ. ಅವಳು ನಕ್ಕರೆ ತನ್ನನ್ನೇ ನೋಡಿ ನಕ್ಕಳು ಅನಿಸುತ್ತಿತ್ತು. ಅವಳು "ಮೌನೇಶಣ್ಣ" ಎಂದು ಗೌರವದಿಂದ ಕರೆದರೆ ಅದೂ ಚುಚ್ಚುತ್ತಿತ್ತು. ಬೈದಿದ್ದರಾದರೂ ಚೆನ್ನಾಗಿತ್ತು, ತಿರುಗಿ ಬೈಯಬಹುದಿತ್ತು.

ಮೊದಲ ಹತ್ತು ಚಿತ್ರಗಳನ್ನು ತಂದ ದಿನ ತುಳಜಾ ಅವನ ಪಕ್ಕದಲ್ಲಿ ನಿಂತು ಹೇಳಿದಳು.

"ಅಣ್ಣಾ, ಇವನ್ನು ಫೋಟೊ ಥರ ಮಾಡಿ ಹಾಕಬೇಡಿ. ಫೈಲನ್ನು ಇದ್ದ ಹಾಗೇ ಪುಟಕ್ಕೆ ಸೇರಿಸಿ."

"ಎರಡಕ್ಕೂ ಏನು ವ್ಯತ್ಯಾಸ?"

"ಫೋಟೊದಲ್ಲಿ ಇರುವುದು ಚುಕ್ಕೆಗಳು. ದೊಡ್ಡದು ಮಾಡಿದರೆ ಚುಕ್ಕೆಯೂ ದೊಡ್ಡದಾಗುತ್ತೆ, ಗೆರೆ ಹಾಳಾಗುತ್ತೆ. ಇದರಲ್ಲಿ ಚುಕ್ಕೆ ಇಲ್ಲ. ಗೆರೆ ಎಲ್ಲಿ ಹುಟ್ಟಿ, ಎಲ್ಲಿ ಬಾಗಿ, ಎಲ್ಲಿ ನಿಲ್ಲುತ್ತೆ ಎಂಬ ಲೆಕ್ಕ ಮಾತ್ರ ಇದೆ. ಅಂಗೈಯಷ್ಟು ಮಾಡಿ, ಗೋಡೆಯಷ್ಟು ಮಾಡಿ, ಗೆರೆ ಹಾಗೇ ಇರುತ್ತೆ."

"ನನಗೆ ಗೊತ್ತಿದೆ ಬಿಡು ತಂಗಿ," ಎಂದ ಮೌನೇಶ. ಅವನಿಗೆ ಗೊತ್ತಿರಲಿಲ್ಲ.

ಅವಳು ಹೋದ ಮೇಲೆ ಅವಳು ಹೇಳಿದ ಹಾಗೇ ಒಂದು ಚಿತ್ರವನ್ನು ಸೇರಿಸಿದ. ದೇವಿಯ ಇಡೀ ಮೂರ್ತಿ ಪುಟದ ಮೇಲೆ ಬಂದು ನಿಂತಿತು. ದೊಡ್ಡದು ಮಾಡಿ ನೋಡಿದ. ಇನ್ನೂ ದೊಡ್ಡದು ಮಾಡಿದ. ಪರದೆಯ ತುಂಬ ಒಂದೇ ಕಣ್ಣು ಬರುವ ತನಕ ಮಾಡಿದ. ಗೆರೆ ಎಲ್ಲೂ ನಡುಗಲಿಲ್ಲ. ಮೇಲಿನ ರೆಪ್ಪೆಗೆ ಅವಳು ಎರಡು ಗೆರೆ ಬರೆದಿದ್ದಳು. ನಡುವೆ ಕೂದಲೆಳೆಯಷ್ಟು ಸಂದು. ಆ ಸಂದಿನಿಂದಲೇ ಕಣ್ಣಿಗೆ ಜೀವ ಬಂದಿತ್ತು.

ಆ ಸಂದು ಗುರುಗಳ ಕೈಯದು. ಅವರ ಮೂರ್ತಿಗಳಲ್ಲಿ ಮಾತ್ರ ಇರುವಂಥದ್ದು. ಎರಡೇ ವರ್ಷದಲ್ಲಿ ಇವಳು ಅದನ್ನು ಕಂಡುಕೊಂಡಿದ್ದಳು.

ಮೌನೇಶನ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು.

ಅವನು ಚಿತ್ರವನ್ನು ಅಳಿಸಿದ. ಅವಳ ಫೈಲನ್ನು ಬೇರೆಯಾಗಿ ತೆರೆದು, ಚಿಕ್ಕದಾಗಿ ಕಂಡದ್ದನ್ನು ಸ್ಕ್ರೀನ್‌ಶಾಟ್ ಹೊಡೆದು, ಕತ್ತರಿಸಿ, ಅದೇ ಜಾಗದಲ್ಲಿ ಅಂಟಿಸಿದ. ದೂರದಿಂದ ನೋಡಿದರೆ ಎರಡೂ ಒಂದೇ. ಹತ್ತಿರದಿಂದ ನೋಡಿದರೆ ಗೆರೆಯ ಅಂಚಿಗೆ ತೆಳುವಾದ ಬೂದು. ರೆಪ್ಪೆಯ ಎರಡು ಗೆರೆ ಕೂಡಿ ಒಂದಾಗಿತ್ತು.

ಎದೆ ತಣ್ಣಗಾಯಿತು.

"ಹೀಗೆ ಮಾಡಿದರೆ ಕೆಲಸ ಬೇಗ ಆಗುತ್ತೆ," ಎಂದು ತನಗೆ ತಾನೇ ಹೇಳಿಕೊಂಡ. ಉಳಿದ ಒಂಬತ್ತನ್ನೂ ಹಾಗೇ ಅಂಟಿಸಿದ. ಆಮೇಲೆ ಬಂದವನ್ನೂ ಹಾಗೇ. ಮಳೆಗಾಲ ಮುಗಿಯುವಷ್ಟರಲ್ಲಿ ಎಂಬತ್ತೊಂದು ಚಿತ್ರಗಳಾದವು.

ಕರಡು ಪ್ರತಿ ಅಚ್ಚಾಗಿ ಬಂತು. ತುಳಜಾ ಪುಟ ತಿರುವುತ್ತ ತಿರುವುತ್ತ ಸಪ್ಪಗಾದಳು.

"ಅಣ್ಣಾ, ನನ್ನ ಗೆರೆ ಯಾಕೆ ಹೀಗೆ ಬಂದಿದೆ?"

"ನಮ್ಮ ಪ್ರಿಂಟರ್ ಹಳೆಯದು ತಂಗಿ."

ಅವಳು ನಂಬಿದಳೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಆಚಾರ್ಯರು ಕರಡನ್ನು ಅಂಗಳಕ್ಕೆ ಒಯ್ದರು. ದೇವಿಯ ಪುಟದಲ್ಲಿ ನಿಂತರು. ಹಾಳೆಯನ್ನು ಹತ್ತಿರ ತಂದರು, ದೂರ ಹಿಡಿದರು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡು ಮತ್ತೆ ನೋಡಿದರು.

"ಮೌನೇಶ, ಇಲ್ಲಿ ಬಾ. ಈ ರೆಪ್ಪೆಗೆ ಎರಡು ಗೆರೆ ಇರಬೇಕಲ್ಲ? ನನಗೆ ಒಂದೇ ಕಾಣುತ್ತಿದೆ."

ಮೌನೇಶ ಬಗ್ಗಿ ನೋಡಿದ. ಇದ್ದದ್ದು ಒಂದೇ.

"ಎರಡಿವೆ ಗುರುಗಳೇ," ಎಂದ.

"ಎರಡಿವೆಯಾ?"

"ಎರಡಿವೆ."

ಆಚಾರ್ಯರು ಹಾಳೆಯನ್ನು ಇನ್ನೊಂದು ಸಲ ನೋಡಿದರು. ಆಮೇಲೆ ಮಡಿಚಿ ಅವನ ಕೈಗೆ ಕೊಟ್ಟರು.

"ಹಾಗಾದರೆ ಮಸುಕಾಗಿರುವುದು ನನ್ನ ಕಣ್ಣು," ಎಂದರು.

ಮೌನೇಶ ಮಾತಾಡಬೇಕಿದ್ದುದು ಆಗ. ಅವನು ಮಾತಾಡಲಿಲ್ಲ.

ಅಂದಿನಿಂದ ಆಚಾರ್ಯರು ಬದಲಾದರು. ಹೊಳೆಗೆ ಇಳಿಯುವಾಗ ಮೆಟ್ಟಿಲ ಪಕ್ಕದ ಗೋಡೆ ಹಿಡಿದು ಇಳಿಯತೊಡಗಿದರು. ಶಿಷ್ಯರ ಕೆಲಸ ತಿದ್ದಲು ಹೋದವರು ಅರ್ಧದಲ್ಲೇ ನಿಂತು, "ನಿಮ್ಮ ನಿಮ್ಮಲ್ಲೇ ನೋಡಿಕೊಳ್ಳಿ," ಎಂದು ಹಿಂದೆ ಸರಿಯುತ್ತಿದ್ದರು. ಕರಡನ್ನು ಮತ್ತೆ ಕೇಳಲಿಲ್ಲ.

"ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಗುರುಗಳೇ," ಎಂದಳು ತುಳಜಾ.

"ಎಂಬತ್ತು ವರ್ಷ ನೋಡಿದೆ ಮಗಳೇ. ಸಾಕು ಅಂತ ಅವೇ ಹೇಳುತ್ತಿರಬೇಕು."

ಅಂಗಳದಲ್ಲಿ ಒಂದು ಅಮ್ಮನ ವಿಗ್ರಹ ಮುಗಿಯುತ್ತ ಬಂದಿತ್ತು. ನಾಲ್ಕಡಿ ಎತ್ತರದ ಕಪ್ಪು ಕಲ್ಲು. ಹೊಳೆಯಾಚೆಯ ಊರಿನವರು ಹೇಳಿ ಮಾಡಿಸಿದ್ದು. ಬಾಕಿ ಇದ್ದದ್ದು ಕಣ್ಣು ಕೆತ್ತಿ ತೆರೆಸುವುದೊಂದೇ. ಎಲ್ಲ ಕೆಲಸವನ್ನೂ ಶಿಷ್ಯರು ಮಾಡಬಹುದು, ಕಣ್ಣನ್ನು ಮಾತ್ರ ಗುರುವೇ ತೆರೆಸಬೇಕು. ಅದಕ್ಕೆಂದೇ ಆಚಾರ್ಯರಲ್ಲಿ ಕಿರುಬೆರಳಷ್ಟು ಉದ್ದದ ಒಂದು ಉಳಿ ಇತ್ತು. ಅದನ್ನು ಬೇರೆ ಯಾರೂ ಮುಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಎಲ್ಲ ಶಿಷ್ಯರೂ ಇರುವಾಗ ಆಚಾರ್ಯರು ಆ ಉಳಿಯನ್ನು ಬಟ್ಟೆಯಿಂದ ಬಿಚ್ಚಿ ಮೌನೇಶನ ಕೈಗಿಟ್ಟರು.

"ಇನ್ನು ಮೇಲೆ ಕಣ್ಣು ತೆರೆಸುವವನು ನೀನು. ಪುಸ್ತಕದಲ್ಲಿರುವ ದೇವಿಯ ಚಿತ್ರವನ್ನೇ ಈ ಕಲ್ಲಿನಷ್ಟು ದೊಡ್ಡದು ಮಾಡಿಸಿ ತಾ. ಅದರಂತೆ ತೆರೆಸು. ಪುಸ್ತಕ ಸರಿಯಿದೆಯೋ ಇಲ್ಲವೋ ಅದೂ ಗೊತ್ತಾಗುತ್ತೆ."

ಉಳಿದ ಶಿಷ್ಯರು ಅವನ ಬೆನ್ನು ತಟ್ಟಿದರು. ತುಳಜಾ ಕೈ ಮುಗಿದು, "ನಿಮಗಲ್ಲದೆ ಇನ್ಯಾರಿಗೆ ಅಣ್ಣಾ," ಎಂದಳು.

ಹದಿನಾರು ವರ್ಷ ಕಾದದ್ದು ಇದಕ್ಕೇ. ಉಳಿ ಅಂಗೈಯಲ್ಲಿತ್ತು. ಮೌನೇಶನಿಗೆ ಸಂತೋಷವಾಗಲಿಲ್ಲ.

ಪೇಟೆಯ ಫ್ಲೆಕ್ಸ್ ಅಂಗಡಿಯವನು ದೇವಿಯ ಪುಟವನ್ನು ಪರದೆಯ ಮೇಲೆ ಹಿಗ್ಗಿಸಿ ತಲೆ ಅಲ್ಲಾಡಿಸಿದ.

"ಅಣ್ಣಾರೇ, ಇಷ್ಟು ದೊಡ್ಡದು ಮಾಡಿದರೆ ಗೆರೆ ಒಡೆಯುತ್ತೆ."

"ಪರವಾಗಿಲ್ಲ, ಹಾಕಿ."

"ಒಡೆದದ್ದನ್ನು ತಗೊಂಡು ಹೋಗಿ ಏನು ಮಾಡ್ತೀರಿ? ಯಾರೋ ಒಳ್ಳೆ ಕೈಯವರು ಬರೆದಿದ್ದಾರೆ. ಯಾರೋ ತಿಳಿಯದವರು ಫೋಟೊ ಹೊಡೆದು ಅಂಟಿಸಿದ್ದಾರೆ. ಮೂಲ ಫೈಲು ಇದ್ದರೆ ತನ್ನಿ."

"ಇದನ್ನೇ ಹಾಕಿ," ಎಂದ ಮೌನೇಶ.

ಸುರುಳಿ ಸುತ್ತಿ ತಂದ. ಅಂಗಳದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕಲ್ಲಿನ ಪಕ್ಕದಲ್ಲಿ ಹರಡಿದ. ಕಣ್ಣಿದ್ದ ಜಾಗದಲ್ಲಿ ಬೂದು ಚೌಕಗಳ ಗುಂಪು. ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ರೆಪ್ಪೆ ಎಲ್ಲಿ ಮುಗಿಯಿತು, ಕಣ್ಣು ಎಲ್ಲಿ ಶುರುವಾಯಿತು ಎಂದು ಹೇಳುವ ಹಾಗಿರಲಿಲ್ಲ.

ನೆನಪಿನಿಂದಲೇ ತೆರೆಸೋಣವೆಂದು ಉಳಿಯನ್ನು ಕಲ್ಲಿಗೆ ಆನಿಸಿದ. ಸುತ್ತಿಗೆ ಎತ್ತಿದ.

ಆ ಸಂದು ಎಷ್ಟಿರಬೇಕು?

ಹದಿನಾರು ವರ್ಷ ಗುರುಗಳ ಪಕ್ಕದಲ್ಲಿ ನಿಂತಿದ್ದ. ಕೈಗೆ ಉಳಿ ಕೊಟ್ಟಿದ್ದ, ದೂಳು ಊದಿದ್ದ. ಗುರುಗಳು ತನ್ನತ್ತ ನೋಡುತ್ತಾರೋ ಎಂದು ಅವರ ಮುಖವನ್ನೇ ನೋಡುತ್ತ ನಿಂತಿದ್ದ. ರೆಪ್ಪೆಗೆ ಸಂದು ಇದೆ ಎಂದು ಗೊತ್ತಿತ್ತು, ಉಳಿ ಅದನ್ನು ಬಿಡಿಸುವುದನ್ನು ನೋಡಿರಲಿಲ್ಲ.

ಕಲ್ಲಿಗೆ ಒಂದು ಏಟು ಹೆಚ್ಚಾದರೆ ಮತ್ತೆ ಸೇರಿಸಲು ಬರುವುದಿಲ್ಲ.

ಅವನು ಸುತ್ತಿಗೆ ಕೆಳಗಿಟ್ಟ.

ತುಳಜಾ ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆಯ ಮೇಲೆ ಅದೇ ದೇವಿಯ ಕಣ್ಣು.

"ಏನು ಮಾಡುತ್ತಿದ್ದೀಯ ತಂಗಿ?"

"ರೆಪ್ಪೆ ತಿದ್ದುತ್ತಿದ್ದೇನೆ ಅಣ್ಣಾ. ಇದು ಹದಿನೆಂಟನೇ ಸಲ. ಇಲ್ಲಿ ಸರಿಯಾಗೇ ಕಾಣುತ್ತೆ, ಪುಸ್ತಕದಲ್ಲಿ ಮಾತ್ರ ಕೂಡಿಕೊಂಡಿತ್ತು. ನನ್ನ ಕೈಯಲ್ಲೇ ಏನೋ ದೋಷ ಇದೆ. ಗುರುಗಳ ಪುಸ್ತಕ ಕೆಡಿಸಿದೆ."

ಮೌನೇಶ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ನಿನ್ನ ಕೈಯಲ್ಲಿ ದೋಷವಿಲ್ಲ," ಎಂದ. "ನೀನು ಕೊಟ್ಟದ್ದನ್ನು ನಾನು ಹಾಕಲೇ ಇಲ್ಲ. ಎಂಬತ್ತೊಂದನ್ನೂ ಸ್ಕ್ರೀನ್‌ಶಾಟ್ ಹೊಡೆದು ಅಂಟಿಸಿದೆ. ತಿಳಿಯದೆ ಮಾಡಿದ್ದಲ್ಲ."

ಅವಳು ಅವನನ್ನು ನೋಡಿದಳು. ಅಳಲಿಲ್ಲ, ಕೂಗಾಡಲಿಲ್ಲ.

"ಯಾಕೆ?"

"ಅಷ್ಟು ಚೆನ್ನಾಗಿತ್ತು. ಅದಕ್ಕೆ."

ತುಳಜಾ ಪರದೆಯ ಮೇಲಿನ ಕಣ್ಣಿನತ್ತ ತಿರುಗಿದಳು. ಆಮೇಲೆ ಕೇಳಿದಳು:

"ಗುರುಗಳು ತಮ್ಮ ಕಣ್ಣು ಹೋಯಿತು ಅಂದುಕೊಂಡಿದ್ದಾರಲ್ಲ, ಅದೂ ಇದರಿಂದಲೇನಾ?"

ಮೌನೇಶ ತಲೆ ತಗ್ಗಿಸಿದ.

"ನನ್ನ ಮುಂದೆ ಯಾಕೆ ನಿಂತಿದ್ದೀರಿ?" ಎಂದಳು ತುಳಜಾ. ಅವಳ ದನಿ ಮೊದಲ ಸಲ ಗಡುಸಾಗಿತ್ತು. "ಮೊದಲು ಅಲ್ಲಿಗೆ ಹೋಗಿ."

ಆಚಾರ್ಯರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಮೌನೇಶ ಉಳಿಯನ್ನು ಅವರ ಪಾದದ ಹತ್ತಿರ ಇಟ್ಟು, ಎರಡು ಮೆಟ್ಟಿಲು ಕೆಳಗೆ ಕೂತ.

"ಕಣ್ಣು ತೆರೆಸಿದೆಯಾ?"

"ಇಲ್ಲ ಗುರುಗಳೇ. ಆ ರೆಪ್ಪೆಗೆ ಇದ್ದದ್ದು ಒಂದೇ ಗೆರೆ."

ಆಚಾರ್ಯರು ಉಳಿಯ ಕಡೆ ನೋಡಿದರು.

"ತುಳಜಾ ಎರಡು ಬರೆದಿದ್ದಳು. ಅವಳ ಮೇಲಿನ ಹೊಟ್ಟೆಕಿಚ್ಚಿಗೆ ನಾನು ಕೆಡಿಸಿ ಹಾಕಿದೆ. ನೀವು ಕೇಳಿದಿರಿ. ಎರಡಿವೆ ಅಂದೆ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ."

ಆಚೆ ದಡದಲ್ಲಿ ಎಮ್ಮೆಗಳು ನೀರಿಗಿಳಿದಿದ್ದವು.

"ಮೌನೇಶ," ಎಂದರು ಆಚಾರ್ಯರು ಕೊನೆಗೆ. "ಆಚೆ ಎಷ್ಟು ಎಮ್ಮೆ ಇವೆ?"

ಅವನು ಎಣಿಸಿದ. "ಏಳು."

"ನಿಜ ಹೇಳು."

"ಏಳೇ, ಗುರುಗಳೇ."

"ನಿನ್ನೆಯೂ ನನಗೆ ಏಳು ಕಂಡಿದ್ದವು. ಮೊನ್ನೆಯೂ. ಆದರೆ ಯಾರಿಗೂ ಹೇಳಲಿಲ್ಲ. ತಪ್ಪಾಗಿದ್ದರೆ ಎಂದು ಹೆದರಿಕೆ." ಅವರು ಅವನ ಕಡೆ ತಿರುಗಿದರು. "ನನ್ನ ಕಣ್ಣಿಗಿಂತ ನಿನ್ನ ಮಾತನ್ನು ನಂಬಿದೆನಲ್ಲೋ."

ಮೌನೇಶ ಮೆಟ್ಟಿಲಿಗೆ ಹಣೆ ಹಚ್ಚಿ ಅತ್ತ. ಆಚಾರ್ಯರು ಸಮಾಧಾನ ಮಾಡಲಿಲ್ಲ. ಅಳು ಮುಗಿಯುವ ತನಕ ಕಾದರು. ಆಮೇಲೆ ಉಳಿಯನ್ನು ಎತ್ತಿಕೊಂಡು ಎದ್ದರು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯಲಿಲ್ಲ.

ಮರುದಿನ ಬೆಳಿಗ್ಗೆ ತುಳಜಾಳ ಮೂಲ ಫೈಲಿನಿಂದ ಹೊಸ ಚಿತ್ರ ಹಾಕಿಸಿ ತಂದರು. ನಾಲ್ಕಡಿ ಹಾಳೆಯ ಮೇಲೆ ಗೆರೆ ಕತ್ತಿಯ ಅಲಗಿನಂತಿತ್ತು. ಆಚಾರ್ಯರೇ ಕೂತು ಅಮ್ಮನ ಕಣ್ಣು ತೆರೆಸಿದರು. ಹಾಳೆಯನ್ನು ಒಂದು ತುದಿಯಲ್ಲಿ ತುಳಜಾ ಹಿಡಿದಿದ್ದಳು, ಇನ್ನೊಂದು ತುದಿಯಲ್ಲಿ ಮೌನೇಶ. ಅವನು ಈ ಸಲ ಗುರುಗಳ ಮುಖ ನೋಡಲಿಲ್ಲ. ಉಳಿಯ ತುದಿಯನ್ನು ನೋಡಿದ.

ಕೆಲಸ ಮುಗಿದ ಮೇಲೆ ಆಚಾರ್ಯರು ಉಳಿಯನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ತಮ್ಮ ಸೊಂಟಕ್ಕೇ ಸಿಕ್ಕಿಸಿಕೊಂಡರು.

"ಪುಸ್ತಕವನ್ನು ಇನ್ನು ಬೇರೆ ಯಾರಾದರೂ ಮಾಡಲಿ ಗುರುಗಳೇ," ಎಂದ ಮೌನೇಶ. "ನಾನು ಅದನ್ನು ಮುಟ್ಟುವುದಿಲ್ಲ."

"ಕೆಡಿಸಿದವನು ಯಾರು?"

"ನಾನು."

"ಎಲ್ಲೆಲ್ಲಿ ಕೆಟ್ಟಿದೆ ಎಂದು ಬೇರೆಯವರಿಗೆ ಹೇಗೆ ಗೊತ್ತಾಗುತ್ತೆ?"

ಮೌನೇಶ ಮತ್ತೆ ಕಂಪ್ಯೂಟರಿನ ಮುಂದೆ ಕೂತ.

ಒಂದೊಂದೇ ಚಿತ್ರವನ್ನು ತೆಗೆದು, ಅದರ ಜಾಗದಲ್ಲಿ ತುಳಜಾಳ ಫೈಲನ್ನು ಇದ್ದ ಹಾಗೇ ಸೇರಿಸಿದ. ಕೆಲವು ಒಳಗೆ ಬರುತ್ತಲೇ ಅಳತೆ ಕೆಡುತ್ತಿದ್ದವು. ಮೂಲೆ ಹಿಡಿದು ಎಳೆದರೆ ಪ್ರಮಾಣ ತಪ್ಪುವುದಿಲ್ಲ ಎಂದು ಕಂಡುಕೊಂಡ. ಒಂದು ಫೈಲು ತೆರೆಯಲೇ ಇಲ್ಲ. ಅವಳನ್ನು ಕೇಳಬೇಕಾಯಿತು.

"ತಂಗಿ, ಇದು ನನಗೆ ಗೊತ್ತಿಲ್ಲ. ಹೇಳಿಕೊಡು."

ಅವಳು ಬಂದು ಹೇಳಿಕೊಟ್ಟಳು. ಹೆಚ್ಚು ಮಾತಾಡಲಿಲ್ಲ. 'ಅಣ್ಣಾ' ಎಂದು ಕರೆಯಲು ಅವಳಿಗೆ ಇನ್ನೂ ಮನಸ್ಸಾಗಿರಲಿಲ್ಲ.

ಪ್ರತಿ ಚಿತ್ರವನ್ನೂ ಅವನು ಪರದೆಯ ತುಂಬ ಹಿಗ್ಗಿಸಿ ನೋಡಿದ. ಬೆರಳಿನ ಗೆಣ್ಣು, ತುಟಿಯ ಕೊನೆ, ಹೊಕ್ಕುಳ ಸುಳಿ. ಹಿಗ್ಗಿಸಿದಷ್ಟೂ ಅವು ಚೆಂದವಾಗುತ್ತಿದ್ದವು. ಚೆಂದವಾದಷ್ಟೂ ಹೊಟ್ಟೆಯೊಳಗೆ ಚುರ್ರೆನ್ನುತ್ತಿತ್ತು. ನಡುವೆ ಎದ್ದು ಹೋಗಿ ಹೊಳೆಯ ನೀರಲ್ಲಿ ಮುಖ ತೊಳೆದು ಬರುತ್ತಿದ್ದ. ಬಂದು ಮುಂದಿನದನ್ನು ಹಾಕುತ್ತಿದ್ದ.

ಒಂಬತ್ತು ದಿನ ಹಿಡಿಯಿತು.

ಹೊಸ ಕರಡನ್ನು ಆಚಾರ್ಯರ ಮುಂದಿಟ್ಟಾಗ ಅವರು ಅಂಗಳಕ್ಕೆ ಹೋಗಿ ಬಿಸಿಲಿಗೆ ಹಿಡಿದರು. ಎಂಬತ್ತೊಂದು ಪುಟಗಳನ್ನೂ ನೋಡಿದರು. ಮೌನೇಶನ ನೆರಳು ಅವನ ಕಾಲ ಕೆಳಗೆ ಬಂದು ಮತ್ತೆ ಇನ್ನೊಂದು ಕಡೆಗೆ ಚಾಚಿಕೊಂಡಿತು.

"ಸರಿಯಿದೆ," ಎಂದರು ಆಚಾರ್ಯರು.

ಮೌನೇಶ ಕದಲಲಿಲ್ಲ.

"ಇನ್ನೇನು?"

"ಗುರುಗಳೇ, ನಿಮಗೆ ಇನ್ನೊಂದು ಸುಳ್ಳು ಹೇಳಲಾರೆ. ಪುಸ್ತಕ ಸರಿಯಾಯಿತು. ನಾನು ಸರಿಯಾಗಿಲ್ಲ. ಅವಳ ಗೆರೆ ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತೆ. ಇವತ್ತು ಕೊನೆಯ ಚಿತ್ರ ಹಾಕುವಾಗಲೂ ಉರಿಯಿತು."

ಆಚಾರ್ಯರು ಪುಸ್ತಕವನ್ನು ಅವನ ಕೈಗೆ ಕೊಟ್ಟರು.

"ಇದರಲ್ಲಿ ಆ ಉರಿ ಯಾವ ಪುಟದಲ್ಲಿದೆ? ತೋರಿಸು."